ಅದೇ ನಂಬರು

ಹಟ್ಟಿಯಲ್ಲಿ ರಾತ್ರಿ ಪಾಳಿ. ಒಂಬತ್ತು ದಿನದಿಂದ
ಒಂದೇ ಲೆಕ್ಕ ಓಡುತ್ತಿದೆ ನನ್ನ ಮೇಜಿನ ಮೇಲೆ:
ಎರಡು ಸಾವಿರ ಅಡಿ ಕೆಳಗೆ
ಕಲ್ಲಿಗೆ ಕಲ್ಲು ಎಷ್ಟು ಆತುಕೊಂಡಿದೆ,
ಯಾವ ಕಂಬ ಮೊದಲು ಮುಲುಕುತ್ತದೆ.

ಆರಕ್ಕೆ ಕರೆಂಟು ತೆಗೆಯುತ್ತಾರಂತೆ, ಲೈನ್ ರಿಪೇರಿ.
ಯುಪಿಎಸ್‌ಗೆ ಹತ್ತು ನಿಮಿಷದ ಉಸಿರು.

ಐದೂವರೆಗೆ ನಿಲ್ಲಿಸಿದೆ.
ಎತ್ತಿದ ಹೆಜ್ಜೆ ಎತ್ತಿದಂತೆಯೇ,
ಕೈಯಲ್ಲೊಂದು ಅಂದದ್ದು ಕೈಯಲ್ಲೇ ಇರುವಂತೆ,
ಓದುತ್ತಿದ್ದ ಸಾಲಿನ ಮೇಲೆ ಬೆರಳು ಇಟ್ಟಂತೆಯೇ
ನೆನಪನ್ನು ಪುಟ ಪುಟವಾಗಿ ಡಿಸ್ಕಿಗೆ ಇಳಿಸಿದೆ.
ಹನ್ನೊಂದು ಜಿಬಿ. ಒಂಬತ್ತು ದಿನದ ತೂಕ ಅಷ್ಟೇ.
ಮನೆಗೆ ಹೋಗಿ ಅರ್ಧ ರೊಟ್ಟಿ ತಿಂದು
ನಾನೂ ಮಲಗಿದೆ.

ಎರಡಕ್ಕೆ ಬಂದು ಎಬ್ಬಿಸಿದರೆ
ಏಳಲೊಲ್ಲದು.
ಹಳೆಯ ನಂಬರೇ ಬೇಕಂತೆ: ಇಪ್ಪತ್ನಾಲ್ಕು ಹದಿನೇಳು.
ಪ್ರಿಂಟರ್ ಕಾಯುವ ಯಾವುದೋ ಸೋಮಾರಿ
ಅದರಲ್ಲಿ ಆಗಲೇ ಕೂತುಬಿಟ್ಟಿದೆ.

ಇಂಥದೇ ಜಗಳ ಕೇಳಿದ್ದೆ ಹೋದ ತಿಂಗಳು
ಟೈಮ್ ಆಫೀಸಿನ ಕಿಟಕಿಯಲ್ಲಿ.
ಕಾಲಿಗೆ ರಾಡು ಹಾಕಿಸಿಕೊಂಡು ಹನ್ನೊಂದು ತಿಂಗಳ ಮೇಲೆ
ಬಂದಿದ್ದ ದುರುಗಪ್ಪ.
ಮೊಳೆಗೆ ಅವನ ಹಿತ್ತಾಳೆ ಬಿಲ್ಲೆ ಇರಲಿಲ್ಲ.
“ಹೊಸಾದು ಕೊಡ್ತೀನಿ ತಗೋಳೋ” ಅಂದ ಗುಮಾಸ್ತ ಖಾದರಸಾಬ.
“ಒಲ್ಲೆ. ಕೆಳಗ ನನ್ನ ಹೆಸರು ಹಿಡದು ಯಾರೂ ಕರಿಯಂಗಿಲ್ರಿ,
ಎಂಟ್ನೂರಾ ಆರು ಅಂತಾರ.
ಬಿಲ್ಲೆ ತಗೊಂಡಾಂವ
ನನಗ ಕರದ್ರ ಓ ಅಂತಾನೇನು?”

ನಾನು ಸೋಮಾರಿಯನ್ನು ಎಬ್ಬಿಸಿ ಕಳಿಸಿದೆ.
ನನಗದು ಒಂದು ಸಾಲಿನ ಕೆಲಸ.
ಲೆಕ್ಕ ಎದ್ದಿತು. ಕೈಯಲ್ಲಿದ್ದ ಒಂದನ್ನು ಕೂಡಿಸಿ
ಮುಂದಿನ ಮನೆಗೆ ಹೋಯಿತು,
ಗಡಿಯಾರ ನೋಡಿದಾಗ ಮಾತ್ರ ತುಸು ತಡವರಿಸಿತು:
ರೆಪ್ಪೆ ಬಡಿಯುವಷ್ಟರಲ್ಲಿ ಎಂಟೂವರೆ ತಾಸು.
ಆಮೇಲೆ ಆಳದ ಕಂಪನಮಾಪಕಕ್ಕೆ ಕೂಗು ಹಾಕಿತು.
ಅತ್ತ ಲೈನು ಇಟ್ಟು ಬಹಳ ಹೊತ್ತಾಗಿತ್ತು.
ಮತ್ತೆ ಕೂಗಿತು.
ಆ ದಾರವೊಂದನ್ನು ಕಟ್ಟಿಡಲು ನನಗೆ ಬರುವುದಿಲ್ಲ,
ಇನ್ನೊಂದು ತುದಿ ನನ್ನ ಹತ್ತಿರ ಇಲ್ಲ.

ಸಂಜೆ ಚಹಾದ ಅಂಗಡಿಯಲ್ಲಿ ಮೌನೇಶ ಸಿಕ್ಕ,
ಈಗಿನ ಎಂಟುನೂರಾ ಆರು.
ಇಪ್ಪತ್ತೆರಡರ ಹುಡುಗ, ಕಿವಿಯಲ್ಲಿನ್ನೂ ಕಲ್ಲಿನ ಪುಡಿ.
ಹೆಂಗಿದಾನೋ ದುರುಗಪ್ಪ, ಅಂದೆ.
“ಹೊಸಾ ಬಿಲ್ಲೆ ಹಾಕ್ಕೊಂಡು ಇಳಿಯಾಕತ್ಯಾನ್ರಿ ಮೇಡಂ,
ನಂದ ಪಾಳಿ, ನಂದ ಲೆವಲ್ಲು.
ಕತ್ತಲದಾಗ ಎಂಟ್ನೂರಾ ಆರು ಅಂತ ಯಾರರ ಒದರಿದ್ರ
ಇಬ್ರೂ ಓ ಅಂತೀವಿ.
ಅಂವಂದು ಮೊದಲ ಕೇಳತೈತಿ.”