ಹದಿಮೂರು ಅಡಿ

ಕಾರನ್ನು ಹೊರಗೆ ಚಳಿಗೆ ತಳ್ಳಿ
ಗ್ಯಾರೇಜಿನ ಸಿಮೆಂಟಿನ ಮೇಲೆ ಮೊಣಕಾಲೂರಿ
ಡೆಲ್ಮರ್ ಸೀಮೆಸುಣ್ಣದಲ್ಲಿ ಗೆರೆ ಎಳೆದ:
ಉದ್ದ ಹದಿಮೂರು ಅಡಿ, ಅಗಲ ಆರೂವರೆ.
ಇದು ಬಾಗಿಲು, ಇದು ಒಲೆ,
ಇದು ಹಗಲು ಮೇಜು, ರಾತ್ರಿ ಹಾಸಿಗೆ.
ಹೊರಗೆ ಮೈನಸ್ ಮೂವತ್ತೊಂದು.
ಸಸ್ಕಾಚೆವಾನಿನ ಜನವರಿ,
ಮೂಗಿನ ಕೂದಲೂ ಗಾಜಾಗುವ ಕಾಲ.

ನಿಜವಾದದ್ದು ಯಾರ್ಕ್‌ಟನ್ನಿನ ಆಚೆ
ಟ್ರ್ಯಾಕ್ಟರ್ ಶೆಡ್ಡಿನ ಹಿಂದೆ
ಕಿಟಕಿಯವರೆಗೆ ಹಿಮದಲ್ಲಿ ಹೂತಿದೆ.
ಎಪ್ಪತ್ತೊಂಬತ್ತರ ಮಾಡೆಲ್ಲು, ಮೊಟ್ಟೆಯಾಕಾರ,
ಆರೂವರೆ ಸಾವಿರ ಡಾಲರು.
ಫೋನಿನಲ್ಲಿ ವಸಿಲಿಕ್ ಮುದುಕಿ ಮುಚ್ಚುಮರೆ ಮಾಡಲಿಲ್ಲ:
"ಹಿಂದಿನ ಎಡಗಿಟಕಿ ಸೋರುತ್ತೆ, ಬಟ್ಟೆ ತುರುಕಿ.
ಒಮ್ಮೆ ಇಲಿಯೊಂದು ಬಾಣಂತನ ಮುಗಿಸಿಕೊಂಡು ಹೋಗಿದೆ.
ಹಿಮ ಕರಗಲಿ, ಏಪ್ರಿಲ್ಲಿಗೆ ಬನ್ನಿ.
ಅಲ್ಲಿಯವರೆಗೆ ಬೇರೆಯವರಿಗೆ ಕೊಡಲ್ಲ ಅಂತ
ಮಾತು ಕೊಡಲ್ಲ. ಆದರೆ ಈ ಹಿಮದಲ್ಲಿ ಯಾರು ಬರ್ತಾರೆ?"

ಮೂವತ್ತನಾಲ್ಕು ವರ್ಷ
ಧಾನ್ಯದ ಎಲಿವೇಟರಿನಲ್ಲಿ ತಕ್ಕಡಿಯ ಮುಂದೆ ನಿಂತವನು ಅವನು.
ಊರಿನ ಗೋಧಿಯೆಲ್ಲ ಅವನ ಕಣ್ಣೆದುರೇ ರೈಲು ಹತ್ತಿತು,
ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮೆಯಿಲ್ಲ.
ಸ್ವಂತ ತಮ್ಮನ ಲಾರಿಯಿಂದಲೂ ತೇವದ ಲೆಕ್ಕ ಕಳೆದ;
ಆ ವರ್ಷ ಕ್ರಿಸ್‌ಮಸ್ಸಿಗೆ ತಮ್ಮ ಬರಲಿಲ್ಲ.

ಈಗ ಬಚ್ಚಲಿನ ತೂಕದ ಯಂತ್ರ ಅಡುಗೆಮನೆಗೆ ಬಂದಿದೆ.
ನಮ್ಮ ಹಳೇ ಕಾರು ಎಳೆಯಬಲ್ಲದ್ದು ಇಷ್ಟೇ ಕಿಲೋ,
ಟ್ರೇಲರಿನ ಮೈತೂಕ ಕಳೆದರೆ
ನಮ್ಮ ಬದುಕಿಗೆ ಉಳಿಯುವುದು ನೂರಾ ನಲವತ್ತು.
ಕೆಟಲು ತೂಗಿದ, ಕಂಬಳಿ ತೂಗಿದ, ನೀರಿನ ಡಬ್ಬ ತೂಗಿದ,
ನನ್ನ ಕಬ್ಬಿಣದ ಬಾಣಲೆ ನೋಡಿ ತಲೆಯಲ್ಲಾಡಿಸಿದ.
ನಾನು ಅವನ ಹತಾರದ ಪೆಟ್ಟಿಗೆ ತಂದಿಟ್ಟೆ: ಇಪ್ಪತ್ತೆಂಟು.
ಒಂದೊಂದೇ ಸ್ಪ್ಯಾನರ್ ತೆಗೆದ,
ಹಲ್ಲು ಕೀಳಿಸಿಕೊಳ್ಳುವವನ ಮುಖದಲ್ಲಿ.
"ನೀನೂ ಹತ್ತು" ಅಂದ. ಹತ್ತಲಿಲ್ಲ.
ಕೆಲವು ಲೆಕ್ಕ ಅಂದಾಜಿನಲ್ಲೇ ಇರಲಿ.

ಸಂಜೆ ಎರಡು ಮಡಚುಕುರ್ಚಿ ಹಾಕಿ
ಗೆರೆಯೊಳಗೆ ಕೂತೆವು, ಕೋಟು ಕಳಚದೆ.
ಮನೆಯಲ್ಲಿ ಅವನದು ನೆಲಮಾಳಿಗೆ, ರೇಡಿಯೋ, ಹಾಕಿ ಪಂದ್ಯ;
ನನ್ನದು ಮೇಲಿನ ಕೋಣೆ, ಹೊಲಿಗೆ ಯಂತ್ರ.
ಊಟಕ್ಕೆ ಕರೆಯಲು ಪೈಪಿಗೆ ಸೌಟು ಬಡಿಯುತ್ತೇನೆ.
ಇಲ್ಲಿ ಸೌಟು ಎತ್ತಿದರೆ ಅವನ ಕಿವಿಗೇ ತಗಲುತ್ತದೆ.
ನಾನು ಒಲೆಯಿಂದ ಬಾಗಿಲಿಗೆ ಹೋಗಲು ಅವನು ಏಳಬೇಕು,
ಅವನು ಎದ್ದರೆ ನಾನು ಕೂರಬೇಕು.
ಕುಂಟೆಬಿಲ್ಲೆಯ ಹಾಗೆ, ಗೆರೆ ತುಳಿದವರು ಔಟು.
ಹತ್ತು ನಿಮಿಷದಲ್ಲಿ ಅವನು ಮೂರು ಸಲ ಗೋಡೆ ದಾಟಿ ಬಿದ್ದ.

"ಕಿಟಕಿ ಎಲ್ಲಿ?" ಅಂದೆ.
ಹಿಮದ ಸಲಿಕೆ ತೂಗುಹಾಕಿದ ಕಡೆ ಕೈ ತೋರಿಸಿದ.
ಇಬ್ಬರೂ ಸಲಿಕೆಯನ್ನೇ ಸ್ವಲ್ಪ ಹೊತ್ತು ನೋಡಿದೆವು.
"ಕೆರೆ ಇವತ್ತು ಶಾಂತವಾಗಿದೆ" ಅಂದ.
ಕಿಲೋ ಇಂಚು ಇಲ್ಲದೆ ಆ ವಾರ ಅವನಾಡಿದ ಒಂದೇ ಮಾತು.

ಆಮೇಲೆ ರಟ್ಟು ಹಾಸಿ ಮಲಗಿ ನೋಡಿದ.
ಹಾಸಿಗೆ ಆರಡಿ ಒಂದಿಂಚು, ಅವನು ಆರಡಿ ಮೂರು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಡೆಲ್ಮರನ ಕಾಲು ನೋಡಿರಲಿಲ್ಲ.
ಪಾದಗಳೆರಡೂ ಗೆರೆಯಾಚೆ, ಹಿಮದಲ್ಲಿ,
ವಸಿಲಿಕ್ ಮುದುಕಿಯ ಹೊಲದಲ್ಲಿ.

ಮರುದಿನ ಔಷಧಿ ಅಂಗಡಿಗೆ ಹೋಗಿ ಬಂದವಳು
ಮರೆತು ಕಾರನ್ನು ಒಳಗೇ ತಂದು ನಿಲ್ಲಿಸಿದೆ.
ಚಕ್ರದ ಹಿಮ ಕರಗಿ
ಒಲೆ ಹೋಯಿತು, ಬಾಗಿಲು ಹೋಯಿತು,
ಅರ್ಧ ಹಾಸಿಗೆ ಬೂದು ನೀರಾಗಿ ಮೋರಿಗೆ ಹರಿಯಿತು.
ಅವನೇನೂ ಅನ್ನಲಿಲ್ಲ. ನೆಲ ಒರೆಸಿ
ಮೊಣಕಾಲಿಗೆ ಗೋಣಿ ಹಾಕಿ
ಮತ್ತೆ ಗೆರೆ ಎಳೆಯಲು ಕೂತ.

ರಾತ್ರಿ ಟೇಪು ಹಿಡಿದು ನಾನೊಬ್ಬಳೇ ಹೋಗಿ ನೋಡಿದೆ.
ಒಲೆ ಸರಿ, ಬಾಗಿಲು ಸರಿ.
ಹಾಸಿಗೆ ಆರಡಿ ಮೂರಿಂಚು.
ಟೇಪನ್ನು ಅದರ ಮೊಳೆಗೆ ತೂಗುಹಾಕಿ
ದೀಪ ಆರಿಸಿ ಬಂದೆ.