ಇತರೆ ಸೂಚನೆಗಳು

ಬುಧವಾರ ಸಂಜೆ, ಕೋಳಿ ಕಾರ್ಖಾನೆಯ ಹಗಲು ಪಾಳಿ ಬಿಟ್ಟ ಮೇಲೆ
ಗ್ರಂಥಾಲಯದ ನೆಲಮಾಳಿಗೆಗೆ ಬರುತ್ತಾರೆ.
ಕೈಗಳಲ್ಲಿ ಇನ್ನೂ ಬ್ಲೀಚಿನ ವಾಸನೆ.
ಪ್ಲಾಸ್ಟಿಕ್ ಚೀಲದೊಳಗೆ ಮಕ್ಕಳ ಜನನಪತ್ರ,
ಲಸಿಕೆಯ ಚೀಟಿ, ಬಾಡಿಗೆ ರಸೀದಿ,
ಯಾಕೋ ಒಂದು ಬಾಚಣಿಗೆ.

ನನ್ನ ಮೇಜಿನ ಮೇಲೆ ಹಲಗೆಯಿದೆ, ಮೂರು ಭಾಷೆಯಲ್ಲಿ:
ನಾನು ವಕೀಲಳಲ್ಲ.
ಸಲಹೆ ಕೊಡುವಂತಿಲ್ಲ, ಮಾತು ಕೊಡುವಂತಿಲ್ಲ,
ಸಹಿ ಹಾಕುವುದನ್ನು ಕಣ್ಣಾರೆ ಕಂಡು
ಮುದ್ರೆ ಒತ್ತುವುದಷ್ಟೇ.
ಮೂವತ್ತೊಂದು ವರ್ಷ ಒತ್ತಿದ್ದೇನೆ—
ದೋಣಿ ಮಾರಿದವರಿಗೆ, ಹೊಲ ಪಾಲಾದ ಅಣ್ಣತಮ್ಮಂದಿರಿಗೆ,
ಕಾರಿನ ಸಾಲ ತೀರಿ ಸಿಹಿ ತಂದವರಿಗೆ.
ಈಗ ಬರುವುದೆಲ್ಲ ಒಂದೇ ಕಾಗದ:
ನಾನು ಮನೆಗೆ ಮರಳದಿದ್ದರೆ
ನನ್ನ ಮಗು ಯಾರ ಮನೆಗೆ.

ವಿಲ್ನೇರನ ಪರವಾನಗಿಗೆ ಫೆಬ್ರವರಿ ಗಡುವೆಂದರು,
ಆಮೇಲೆ ಆಗಸ್ಟ್ ಎಂದರು, ಆಮೇಲೆ ನ್ಯಾಯಾಲಯದ ತಡೆ.
ತಡೆಗೇ ತಡೆ ಬಂದಿದೆಯಂತೆ ಎಂದು
ಈ ಸಲ ಅವನೇ ನನಗೆ ಹೇಳಿ ನಕ್ಕ.
ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಲ್ಲೇ ಬರೆಯುವುದಂತೆ.
ನಮ್ಮ ನಮೂನೆಯೂ ಹಾಗೇ. ಹೋದ ತಿಂಗಳು ತುಂಬಿದ್ದು
ಈ ತಿಂಗಳು ನಡೆಯದು.
ಹೊಸ ಹಾಳೆ, ಅವೇ ಹೆಸರು.

ಎವುಲಾಲಿಯಾಳದು ಬೆಟ್ಟದ ಮೇಲಿನ ನುಡಿ,
ಸ್ಪ್ಯಾನಿಷ್ ಅವಳಿಗೂ ಕಲಿತದ್ದೇ.
ಈ ಕಾಗದವನ್ನು ಮಗಳ ಬಾಯಲ್ಲಿ ಹೇಳಿಸಬಾರದೆಂದು
ಹುಡುಗಿಯನ್ನು ಮೇಲೆ ಚಿತ್ರಪುಸ್ತಕದ ಬಳಿ ಬಿಟ್ಟು
ಫೋನಿನಲ್ಲಿ ಎಲ್ಲಿಯದೋ ಊರಿನ ದುಭಾಷಿಯನ್ನು ಹಿಡಿದೆವು.
ಏಳನೆಯ ಕಲಮು: ಇತರೆ ಸೂಚನೆಗಳು.
ಖಾಲಿ ಬಿಟ್ಟದ್ದು ಎರಡು ಗೆರೆ.

ಕಿರಿಯವನಿಗೆ ರಾತ್ರಿ ಉಬ್ಬಸ. ನೀಲಿ ಪಂಪು, ಎರಡು ಸಲ,
ನಡುವೆ ಹತ್ತು ಎಣಿಸಬೇಕು.
ಮೊಟ್ಟೆಯ ಹಳದಿ ತಿನ್ನುವುದಿಲ್ಲ, ಬೈಯಬೇಡಿ.
ದೊಡ್ಡವಳು ಅಳುವುದಿಲ್ಲ,
ಅಳದೆ ಇದ್ದಾಗಲೇ ಹತ್ತಿರ ಕೂರಬೇಕು.

ಗೆರೆ ಮುಗಿಯಿತು. ಅಂಚಿನುದ್ದಕ್ಕೂ ಬರೆದೆ,
ಹಾಳೆ ತಿರುಗಿಸಿ ಬರೆದೆ,
ಯಾವ ಅಧಿಕಾರಿಗೂ ಬೇಡದ್ದನ್ನೆಲ್ಲ.

ಒಪ್ಪಿದವರು ಯಾರು? ಮಿರ್ಲಾಂಡ್, ಎದುರು ಮನೆ.
ಹೋದ ವಾರ ಮಿರ್ಲಾಂಡ್ ಬಂದಿದ್ದಳು,
ಅವಳು ಬರೆಸಿದ ಹೆಸರು ಎವುಲಾಲಿಯಾ.
ಒಂದೇ ವ್ಯಾನು, ಒಂದೇ ಸಾಲಿನ ಕೆಲಸ,
ಹೊರಬರುವ ಬಾಗಿಲೂ ಒಂದೇ.
ಹಲಗೆ ನನ್ನನ್ನೇ ನೋಡುತ್ತಿತ್ತು.
ಗಂಟಲಿಗೆ ಕಡುಬು ಸಿಕ್ಕಂತಾಗಿ ಇಷ್ಟೇ ಕೇಳಿದೆ:
ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಹೋಗುತ್ತೀರಾ?

ಹೌದು ಅಂದಳು. ಅಂದವಳು ಅಲ್ಲೇ ನಿಂತಳು.
ಫೋನಿನವಳೂ ಸುಮ್ಮನಾದಳು.
ಆಮೇಲೆ ದುಭಾಷಿಯನ್ನು ದಾಟಿ, ನನ್ನ ಭಾಷೆಯಲ್ಲೇ,
ಕೂಡಿಟ್ಟ ಚಿಲ್ಲರೆ ಎಣಿಸಿದಂತೆ ಒಂದೊಂದೇ ಪದ:
ನಿಮ್ಮ, ಮನೆ, ಎಲ್ಲಿ?

ಕಾಲುವೆಯಾಚೆ, ಹಸಿರು ಬಾಗಿಲು, ಅಂದೆ.
ಒಬ್ಬಳೇ. ಒಂದು ಮುದಿ ಬೆಕ್ಕು.
ಉಬ್ಬಸಕ್ಕೆ ಬೆಕ್ಕಿನ ರೋಮ ಆಗುವುದಿಲ್ಲವಲ್ಲ,
ಎಂದಿತು ಫೋನು. ಅದು ಯಾರ ಮಾತೋ, ಕೇಳಲಿಲ್ಲ.

ನನ್ನ ಹೆಸರಿರುವ ಕಾಗದಕ್ಕೆ
ನಾನು ಮುದ್ರೆ ಒತ್ತುವಂತಿಲ್ಲ.
ಗುರುವಾರ ಟೈರು ಅಂಗಡಿಯ ಗಾರ್ಲಂಡನ ಬಳಿ ಹೋದೆವು.
ಅವನ ಮತ ಯಾವ ಕಡೆಗೆಂದು ಊರಿಗೆಲ್ಲ ಗೊತ್ತು.
ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ, ಅಂಚಿನದನ್ನೂ.
ಸ್ವಂತ ಇಚ್ಛೆಯಿಂದ ಸಹಿ ಹಾಕುತ್ತಿದ್ದೀಯಾ?
ಎಷ್ಟೋ ಜನರನ್ನು ನಾನು ಕೇಳಿದ ಪ್ರಶ್ನೆ.
ಹೌದೆನ್ನಲು ಇಷ್ಟು ಹೊತ್ತು ಬೇಕೆಂದು ಗೊತ್ತಿರಲಿಲ್ಲ.
ಐದು ಡಾಲರ್ ತೆಗೆದುಕೊಂಡ, ರಸೀದಿ ಕೊಟ್ಟ.

ಮಿರ್ಲಾಂಡಳಿಗೆ ಇನ್ನೂ ಹೆಸರು ಹುಡುಕುತ್ತಿದ್ದೇವೆ.

ಬೆಕ್ಕು ಹಿತ್ತಲ ಶೆಡ್ಡಿನಲ್ಲಿ ಮುನಿಸಿಕೊಂಡಿದೆ.
ಟೀ ಡಬ್ಬಿಯ ಪಕ್ಕ ನೀಲಿ ಪಂಪು, ಬಿಚ್ಚದ ಪೊಟ್ಟಣ.
ರಾತ್ರಿ ದೀಪ ಆರಿಸುವ ಮುಂಚೆ
ಉಸಿರು ಹಿಡಿದು ಹತ್ತು ಎಣಿಸಿ ನೋಡುತ್ತೇನೆ.
ಆರಕ್ಕೇ ತಪ್ಪುತ್ತದೆ.