ಸ್ಪಷ್ಟೀಕರಣ ಕೋರಿ

ಕಾರವಾರ ಕೋರ್ಟಿನ ಕಂಪೌಂಡಿಗೆ ಬೆನ್ನು ಹಚ್ಚಿ
ನನ್ನ ಮೇಜು. ಮೇಲೆ ತಾಡಪಾಲು, ಕೆಳಗೆ
ಅಲುಗುವ ಕಾಲಿಗೊಂದು ಮಡಚಿದ ವಕಾಲತ್ತು.
ಪುಟಕ್ಕೆ ಮೂವತ್ತು. ಇಂಗ್ಲಿಷಾದರೆ ನಲವತ್ತು.

ಪುರ್ಸೋ ತಾಂಡೇಲ ಇಂಗ್ಲಿಷೇ ಇರಲಿ ಎಂದ.
ಕನ್ನಡದಲ್ಲಿ ಬರೆದರೆ ಅತ್ತ ಹಾಗೆ ಕಾಣುತ್ತದಂತೆ.
ಬೈತಖೋಲದ ದಕ್ಕೆಗೆ ಕಟ್ಟಿದ್ದ ದೋಣಿ
ಆಷಾಢದ ತೂಫಾನಿಗೆ ಕಲ್ಲಿಗೆ ಬಡಿದು
ಉದ್ದಕ್ಕೆ ಸೀಳಿತ್ತು, ಒಣಗಿಸಲು
ಬಂಗಡೆ ಸೀಳಿದ ಹಾಗೆ.
ವಿಮೆಯವರಿಗೊಂದು ಅರ್ಜಿ. ಬೆಂಬಲಕ್ಕೆ
ಕೇರಿಯ ಇಪ್ಪತ್ಮೂರು ಜನರ ಸಹಿ, ಹೆಬ್ಬೆಟ್ಟು.

ಎಲ್ಲ ಬರೆದಾದ ಮೇಲೆ ಅರ್ಧ ಗೇಣು ಜಾಗ ಉಳಿಯಿತು.
ಖಾಲಿ ಬಿಟ್ಟರೆ ಯಾರಾದರೂ ಏನಾದರೂ ಸೇರಿಸುತ್ತಾರೆ,
ಕೋರ್ಟಿನ ಬಾಗಿಲಲ್ಲಿ ಕಲಿತದ್ದು ಇದೊಂದು.
ಹತ್ತನೆಯ ಇಯತ್ತೆಯಲ್ಲಿ ರಾಯಕರ ಮಾಸ್ತರು
ಬಾಯಿಪಾಠ ಮಾಡಿಸಿದ್ದ ನುಡಿಗಟ್ಟೊಂದು
ಕೇಳದೆಯೇ ಬೆರಳಿಗೆ ಬಂತು:
ವಿ ಆರ್ ಆಲ್ ಇನ್ ದ ಸೇಮ್ ಬೋಟ್.
ಕಷ್ಟ ಎಲ್ಲರದೂ ಒಂದೇ, ಎಂದರ್ಥ.
ಮೀನುಗಾರರ ಅರ್ಜಿಗೆ
ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು.
ನೋಡಿ ನೋಡಿ ನನಗೇ ಖುಷಿ.

ಚೌತಿ ಕಳೆದು ಹುಬ್ಬಳ್ಳಿಯಿಂದ ಉತ್ತರ ಬಂತು.
ಸ್ಪಷ್ಟೀಕರಣ ಕೋರಿ:
ಪರವಾನಗಿ ಇರುವುದು ಏಳು ಮಂದಿಗೆ.
ಅವಘಡದ ವೇಳೆ ಸದರಿ ದೋಣಿಯಲ್ಲಿ
ಇಪ್ಪತ್ಮೂರು ಮಂದಿ ಏಕಿದ್ದರು?

ನಕ್ಕುಬಿಟ್ಟೆ. ಪುರ್ಸೋ ನಗಲಿಲ್ಲ.
“ಏನು ಬರೆದ್ರಿ ಬಾಯಿ, ಕನ್ನಡದಲ್ಲಿ ಹೇಳಿ.”
ಹೇಳಿದೆ. ಹೇಳುತ್ತ ಹೇಳುತ್ತ ಆ ಮಾತಿಗೆ
ಹಲಗೆ ಬಂತು, ಹುಟ್ಟು ಬಂತು,
ಡಾಂಬರಿನ ವಾಸನೆ ಬಂತು.

ಬೀಡಿ ಹಚ್ಚದೆ ಬೆರಳಲ್ಲೇ ತಿರುವಿದ.
“ಒಂದೇ ದೋಣಿಯೊಳಗೂ, ಬಾಯಿ,
ಚುಕ್ಕಾಣಿ ಹಿಡಿದವನ ಪಾಲು ಬೇರೆ,
ನೀರು ಮೊಗೆಯುವವನ ಪಾಲು ಬೇರೆ.
ಸಹಿ ಹಾಕಿದ ಉಮಾಕಾಂತನ ದೋಣಿ
ನಿನ್ನೆಯೂ ಕೂರ್ಮಗಡದ ಆಚೆ ಹೋಗಿ ಬಂತು.
ನನ್ನದರಲ್ಲಿ ಯಾರಿದ್ದರು?
ಒಂದು ಹಗ್ಗ. ಒಂದು ಡಬ್ಬಿ.”

ನಮ್ಮ ಮಾತೇ ಹಾಕಬೇಕಿತ್ತೇನೋ.
ಎಲ್ಲರ ಮನೆ ದೋಸೆಯೂ ತೂತೇ ಎಂದಿದ್ದರೆ
ಎಷ್ಟು ದೋಸೆ, ಬಿಲ್ಲು ಲಗತ್ತಿಸಿ ಎನ್ನುತ್ತಿದ್ದರು.
ಮಾಸ್ತರು ಅರ್ಥ ಹೇಳಿದ್ದರು,
ಸ್ವಂತ ವಾಕ್ಯದಲ್ಲಿ ಬಳಸಿದರೆ ಎರಡು ಅಂಕ.
ಯಾರೆದುರು ಬಳಸಬಾರದು ಎನ್ನುವಷ್ಟರಲ್ಲಿ
ಗಂಟೆ ಹೊಡೆದಿರಬೇಕು.

ಹೊಸ ಹಾಳೆ ಏರಿಸಿದೆ, ಕಾರ್ಬನ್ ಸಮೇತ.
ದೋಣಿ ಕಟ್ಟಿತ್ತು.
ದೋಣಿಯಲ್ಲಿ ಯಾರೂ ಇರಲಿಲ್ಲ.
ಇಂಗ್ಲಿಷಿನಲ್ಲಿ ಇಷ್ಟೇ. ಕೆಳಗೆ ಒಂದೇ ಹೆಬ್ಬೆಟ್ಟು.
ಉಳಿದ ಮುಕ್ಕಾಲು ಹಾಳೆಗೆ ಓರೆ ಗೆರೆ ಎಳೆದೆ.

ಬೇಡವೆಂದರೂ ನಲವತ್ತು ಇಟ್ಟುಹೋದ.
ನನ್ನ ಮಷೀನಿನ ಫುಲ್‌ಸ್ಟಾಪು ಹಳೆಯದು,
ಯಾವಾಗಲೂ ಕಾಗದ ತೂತು ಮಾಡುತ್ತದೆ.
ಎರಡು ವಾಕ್ಯ, ಎರಡು ತೂತು.